ಎರಡು ಸಾವಿರದ ಮುನ್ನೂರ ಹದಿನಾರು ಉಪಗ್ರಹಗಳು

ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಆ ಬೇಸಿಗೆಯ ಶುರುವಿನಲ್ಲಿ ಪಾಲೋ ಆಲ್ಟೋದಲ್ಲಿ ತಲೆ ನೆಟ್ಟಗಿದ್ದವರನ್ನು ಹುಡುಕುವುದು ಕಷ್ಟವಿತ್ತು. ನಾಯಿ ಬಿಸ್ಕತ್ತನ್ನು ಇಂಟರ್‌ನೆಟ್ಟಿನಲ್ಲಿ ಮಾರುತ್ತೇನೆ ಎಂದವನಿಗೆ ಒಂದು ಆಫೀಸು, ಹೂವು ಮಾರುತ್ತೇನೆ ಎಂದವನಿಗೆ ಎರಡು ಆಫೀಸು, ಏನು ಮಾರಬೇಕೆಂದು ಇನ್ನೂ ಗೊತ್ತಾಗಿಲ್ಲ ಎಂದವನಿಗೆ ಇಡೀ ಕಟ್ಟಡ. ಇಂಥ ಊರಿನಲ್ಲಿ ಪದ್ಮಜಾ ಮಾರುತ್ತಿದ್ದದ್ದು ನಾಳೆಯನ್ನು. ಅದೂ ಯುದ್ಧವಿಮಾನ, ರಾಡಾರು, ಕ್ಷಿಪಣಿ, ಉಪಗ್ರಹಗಳ ನಾಳೆಯನ್ನು. ಮುಂದಿನ ಹತ್ತು ವರ್ಷದಲ್ಲಿ ಇವನ್ನೆಲ್ಲ ಯಾರು ಎಷ್ಟು ಕೊಳ್ಳುತ್ತಾರೆ ಎಂದು ಇನ್ನೂರು ಪುಟದ ವರದಿ ಬರೆಯುವುದು ಅವಳ ಕೆಲಸ. ಒಂದು ಪ್ರತಿಯ ಬೆಲೆಯಲ್ಲಿ ಇಬ್ಬರು ಬೆಂಗಳೂರಿಗೆ ಹೋಗಿಬರಬಹುದಿತ್ತು. ಆದರೂ ಕೊಳ್ಳುವವರಿದ್ದರು.

ಅವಳು ಬೆಳೆದದ್ದು ಮಂಡ್ಯದ ಸಕ್ಕರೆ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅಪ್ಪ ಹನುಮಂತರಾಜು ಕಾರ್ಖಾನೆಯ ಗೇಟಿನಲ್ಲಿ ಕಬ್ಬಿನ ಗಾಡಿ ತೂಗುತ್ತಿದ್ದರು. ಗಾಡಿ ದೂರದಲ್ಲಿ ಕಂಡಾಗಲೇ ಇಷ್ಟು ಟನ್ನು ಎಂದು ಹೇಳಬಲ್ಲ ಕಣ್ಣು ಅವರಿಗಿತ್ತು, ಆದರೆ ತೂಕದ ಮುಳ್ಳು ನಿಲ್ಲುವ ತನಕ ಅವರು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಆ ಗುಣ ಮಗಳಿಗೆ ಬಂತು. ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದಿ, ಮದುವೆಯಾಗಿ ಅಮೆರಿಕಕ್ಕೆ ಬಂದು, ಟೈಪಿಸ್ಟಾಗಿ ಸೇರಿದ ಕಂಪನಿಯಲ್ಲೇ ಅನಾಲಿಸ್ಟ್ ಆದ ಮೇಲಂತೂ ಅದು ಗೀಳಾಯಿತು. ಯಾರೇ ಒಂದು ಅಂಕಿ ಹೇಳಲಿ, "ಸೋರ್ಸ್ ಏನು?" ಎನ್ನುವಳು. ಅತ್ತೆ ತಾಯಮ್ಮ "ಊರಲ್ಲಿ ಮೂರು ದಿನ ಮಳೆಯಂತೆ" ಎಂದರೂ ಸೋರ್ಸ್ ಏನು, ಗಂಡ ಚೆಲುವರಾಜು "ನಾಲ್ಕೇ ಇಡ್ಲಿ ತಿಂದೆ ಕಣೆ" ಎಂದರೂ ಸೋರ್ಸ್ ಏನು. ಮನೆಯವರು ಬೈದುಕೊಳ್ಳುತ್ತಿದ್ದರು, ಒಳಗೊಳಗೇ ಹೆಮ್ಮೆಯೂ ಪಡುತ್ತಿದ್ದರು.

ಮೊದಲ ವರ್ಷಗಳು ಸುಖದವಲ್ಲ. ಬರ್ಲಿನ್ನಿನ ಗೋಡೆ ಬಿದ್ದಿತ್ತು, ರಷ್ಯ ಒಡೆದು ಹೋಳಾಗಿತ್ತು, ಹೆದರಿಸಲು ಯಾರೂ ಇಲ್ಲದ ಮೇಲೆ ಬಾಂಬು ಕೊಳ್ಳುವವರು ಯಾರು? ದೊಡ್ಡ ರಕ್ಷಣಾ ಕಂಪನಿಗಳು ಒಂದನ್ನೊಂದು ನುಂಗಿದವು. ಅವಳ ಪಟ್ಟಿಯಲ್ಲಿದ್ದ ಹೆಸರುಗಳು ಹದಿನೈದರಿಂದ ಐದಕ್ಕೆ ಇಳಿದವು. ಅವಳ ಗ್ರಾಫುಗಳೆಲ್ಲ ಎಡದಿಂದ ಬಲಕ್ಕೆ ಜಾರುಬಂಡೆಯಾಡುತ್ತಿದ್ದವು. ಆಫೀಸಿನವರು ಅವಳ ಮೇಜಿಗೆ "ಫ್ಯೂನರಲ್ ಡೆಸ್ಕು" ಎಂದು ಹೆಸರಿಟ್ಟು ಜೆರಾಕ್ಸ್ ಮಷೀನಿನ ಪಕ್ಕಕ್ಕೆ ತಳ್ಳಿದ್ದರು. ಆಮೇಲೆ ಇದ್ದಕ್ಕಿದ್ದಂತೆ ಜಗತ್ತಿಗೆ ಉಪಗ್ರಹದ ಹುಚ್ಚು ಹಿಡಿಯಿತು. ಮರುಭೂಮಿಯಲ್ಲಿ ನಿಂತು ಫೋನು ಮಾಡಬಹುದು, ಹಡಗಿನಲ್ಲಿ ಕೂತು ಇಮೇಲು ನೋಡಬಹುದು, ಅದಕ್ಕೆ ಆಕಾಶದ ತುಂಬ ಪುಟ್ಟ ಪುಟ್ಟ ಉಪಗ್ರಹ ಬೇಕು. ಗ್ರಾಫು ನೆಟ್ಟಗೆ ಮೇಲೆದ್ದಿತು. ಪದ್ಮಜಾಳ ಮೇಜು ಕಿಟಕಿಯ ಪಕ್ಕಕ್ಕೆ ಬಂತು.

ಚೆಲುವರಾಜುವಿನ ಲೋಕವೇ ಬೇರೆ. ಸಾಂಟಾ ಕ್ಲಾರಾದ ಒಂದು ಸಣ್ಣ ಮಷೀನ್ ಶಾಪಿನಲ್ಲಿ ವಿಮಾನಕ್ಕೂ ರಾಕೆಟ್ಟಿಗೂ ಉಪಗ್ರಹಕ್ಕೂ ವಾಲ್ವ್ ಮಾಡುತ್ತಿದ್ದರು. ಅಲ್ಲಿ ಅವನು ಇನ್‌ಸ್ಪೆಕ್ಟರು. ಬೇರೆಯವರು ಮಾಡಿದ್ದನ್ನು ಅಳೆದು ಪಾಸು ಅಥವಾ ಫೇಲು ಎನ್ನುವುದು. ಹನ್ನೆರಡು ವರ್ಷ ಅದೇ ಮೇಜು, ಅದೇ ಅಳತೆಯ ಗೇಜು, ಅದೇ ಬಿಳಿ ಕೋಟು. ಮನೆಗೆಲ್ಲ ಆಸ್ಪತ್ರೆಯ ಇನ್ಶೂರೆನ್ಸು ಅದರಿಂದಲೇ.

ಸೋಮವಾರ ರಾತ್ರಿಯೂಟಕ್ಕೆ ಅಖ್ತರ್ ಬಂದ. ಮೈಸೂರಿನವನು, ಚೆಲುವರಾಜುವಿನ ಜೊತೆ ಅದೇ ಶಾಪಿನಲ್ಲಿ ಒಂಬತ್ತು ವರ್ಷ ಲೇಥಿನ ಮೇಲೆ ಕೆಲಸ ಮಾಡಿ, ಈಗ ಸ್ವಂತ ಕಂಪನಿ ತೆಗೆಯಲು ಹೊರಟವನು. ಒಂದು ಕೈಯಲ್ಲಿ ಬಿರಿಯಾನಿಯ ಡಬ್ಬ, ಇನ್ನೊಂದರಲ್ಲಿ ಬಣ್ಣದ ಬೈಂಡಿನ ಬಿಸಿನೆಸ್ ಪ್ಲಾನು. ಆರು ತಿಂಗಳಿಗೆಂದು ಊರಿಂದ ಬಂದಿದ್ದ ತಾಯಮ್ಮ ಮುದ್ದೆ ತಿರುವುತ್ತಿದ್ದರು. ರಾಗಿಹಿಟ್ಟು ಎಲ್ ಕಮಿನೋ ರಸ್ತೆಯ ಇಂಡಿಯನ್ ಅಂಗಡಿಯದು. ಬೆಳಗಿನ ವಾಕಿಂಗಿನಲ್ಲಿ ಅವರೇ ಹೋಗಿ ತಂದದ್ದು. ಅವರಿಗೆ ಇಂಗ್ಲಿಷು ಒಂದಕ್ಷರ ಬಾರದು. ದಾರಿ ತಪ್ಪದಿರಲೆಂದು ಪದ್ಮಜಾ ಮನೆಯ ನಂಬರನ್ನು ದಪ್ಪಕ್ಷರದಲ್ಲಿ ಒಂದು ರಟ್ಟಿನ ಮೇಲೆ ಬರೆದು ಬೀಗದ ಕೈಗೆ ಕಟ್ಟಿದ್ದಳು. ಒಂದೇ ಥರದ ನಲವತ್ತು ಬಾಗಿಲುಗಳ ಆ ಬೀದಿಯಲ್ಲಿ ತಾಯಮ್ಮ ರಟ್ಟನ್ನು ಬಾಗಿಲಿಗೆ ಹಿಡಿದು, ಅಂಕಿಗೆ ಅಂಕಿ ತಾಳೆ ನೋಡಿ, ಒಳಗೆ ಬರುತ್ತಿದ್ದರು.

"ಅತ್ತಿಗೆ, ನಿಮ್ಮ ಯಜಮಾನ್ರು ಇನ್ಮೇಲೆ ವೈಸ್ ಪ್ರೆಸಿಡೆಂಟು!" ಎಂದು ಅಖ್ತರ್ ಘೋಷಿಸಿದ. "ಕ್ವಾಲಿಟಿ ಪೂರ್ತಿ ಅವರದೇ. ಶುಕ್ರವಾರ ರಿಸೈನ್ ಮಾಡ್ತಾರೆ, ಸೋಮವಾರ ನನ್ನ ಹತ್ರ ಸೇರ್ತಾರೆ. ಬರೀ ಸ್ಯಾಟಲೈಟ್ ವಾಲ್ವ್, ಬೇರೇನೂ ಇಲ್ಲ."

"ಆರ್ಡರ್ ಇದ್ಯಾ, ಅಖ್ತರ್ ಭಾಯ್?"

"ಆರ್ಡರಾ? ಮೂರನೇ ಪೇಜ್ ನೋಡಿ ಅತ್ತಿಗೆ! ಹತ್ತು ವರ್ಷದಲ್ಲಿ ಮೇಲಕ್ಕೆ ಹೋಗೋ ಸ್ಯಾಟಲೈಟು ಎಷ್ಟು ಗೊತ್ತಾ? ಟೂ ಥೌಸಂಡ್ ತ್ರೀ ಹಂಡ್ರೆಡ್ ಅಂಡ್ ಸಿಕ್ಸ್‌ಟೀನ್. ನಾವು ನೂರರಲ್ಲಿ ಹತ್ತು ಹಿಡಿದ್ರೂ ಸಾಕು, ಜೀವನ ಸೆಟ್ಲು."

ಪುಟದ ನಡುವೆ 2,316 ಎಂದು ಕೆಂಪಕ್ಷರದಲ್ಲಿತ್ತು. ಎಲ್ಲೋ ಕಂಡ ಮುಖ ಎನ್ನಿಸಿತು ಪದ್ಮಜಾಳಿಗೆ. ಗುರುವಾರ ಸಾಂಟಾ ಕ್ಲಾರಾದ ಹೋಟೆಲಿನಲ್ಲಿ ಇನ್ನೂರು ಜನರ ಎದುರು ಅವಳೇ ಮಾಡಬೇಕಿದ್ದ ಭಾಷಣದಲ್ಲೂ ಅದೇ ಅಂಕಿಯಿತ್ತು. ಬಾಸ್ ಗ್ರೆಗ್ ತಾನೇ ಯಾವುದೋ ಪತ್ರಿಕೆಯಿಂದ ತೆಗೆದು ಅವಳ ಸ್ಲೈಡಿಗೆ ಹಾಕಿಸಿದ್ದ.

"ಸೋರ್ಸ್ ಏನು?" ಎಂದಳು.

ಗಂಡಸರಿಬ್ಬರೂ ಗೊಳ್ಳನೆ ನಕ್ಕರು. ಈ ಪ್ರಶ್ನೆ ಬರುತ್ತದೆಂದು ಅಖ್ತರ್ ಪತ್ರಿಕೆಯ ಜೆರಾಕ್ಸನ್ನೇ ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಚೆಲುವರಾಜು ಅದನ್ನು ಹೆಂಡತಿಯ ಮುಂದೆ ಬಿಚ್ಚಿ ಹಿಡಿದ. ಅವನ ಮುಖದಲ್ಲಿ ಅಂಥ ಬೆಳಕನ್ನು ಅವಳು ಹನ್ನೆರಡು ವರ್ಷದಲ್ಲಿ ನೋಡಿರಲಿಲ್ಲ. "ಹನ್ನೆರಡು ವರ್ಷ ಬೇರೆಯವರ ಕೆಲಸಕ್ಕೆ ಫೇಲು ಫೇಲು ಅಂತ ಬರೆದಿದ್ದೀನಿ ಪದ್ಮಾ. ಒಂದ್ಸಲ ನನ್ನದೂ ಅಂತ ಒಂದು ಮಾಡ್ಬೇಕು," ಎಂದ. ಪದ್ಮಜಾ ಮುದ್ದೆ ಮುರಿದು ಬಾಯಿಗಿಟ್ಟಳು. ಜೆರಾಕ್ಸಿನ ಮೂಲೆಯಲ್ಲಿದ್ದ ವರದಿಗಾರನ ಹೆಸರನ್ನು ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು.

ಮಂಗಳವಾರ ಬೆಳಿಗ್ಗೆ ಅವಳು ಪತ್ರಿಕೆಯ ವರದಿಗಾರನಿಗೆ ಫೋನು ಮಾಡಿದಳು. ಅವನು ಸಂತೋಷದಿಂದ ಹೇಳಿದ, ಅಂಕಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಷೇರು ಕಂಪನಿಯದು. ಷೇರು ಕಂಪನಿಯ ಹುಡುಗಿ ಇನ್ನೂ ಸಂತೋಷದಿಂದ ಹೇಳಿದಳು, ಅದು ಓಕ್ಲ್ಯಾಂಡಿನ ಒಂದು ಸಂಶೋಧನಾ ಸಂಸ್ಥೆಯದು. ಓಕ್ಲ್ಯಾಂಡಿನವನಂತೂ ಫೋನಿನಲ್ಲೇ ಕುಣಿದುಬಿಟ್ಟ. "ಮೇಡಂ, ತಮಾಷೆ ಮಾಡ್ತೀರಾ? ಅದು ನಿಮ್ಮದೇ! ತೊಂಬತ್ತಾರರ ವರದಿ, ಏಳನೆಯ ಅಧ್ಯಾಯ, ನಾಲ್ಕನೆಯ ಕೋಷ್ಟಕ. ನಾವೆಲ್ಲ ನಿಮ್ಮ ಅಭಿಮಾನಿಗಳು!"

ಅವಳು ಕಪಾಟಿನಿಂದ ಆ ವರದಿ ತೆಗೆದಳು. ಕೋಷ್ಟಕ ಏಳು ನಾಲ್ಕು. ಕೊನೆಯ ಮನೆಯಲ್ಲಿ 2,316. ನೋಡಿದ ಕೂಡಲೇ ಎಲ್ಲ ನೆನಪಾಯಿತು.

ಆ ಕಂಪನಿಯಲ್ಲಿ ಒಂದು ಪದ್ಧತಿ. ಕೋಷ್ಟಕದಲ್ಲಿ ಒಂದು ಮನೆಯೂ ಖಾಲಿ ಇರಕೂಡದು. ಖಾಲಿ ಇದ್ದರೆ ಕಂಪ್ಯೂಟರು ಪುಟವನ್ನು ಪ್ರಿಂಟಿಗೇ ಬಿಡುತ್ತಿರಲಿಲ್ಲ. ಹೀಗಾಗಿ ಅನಾಲಿಸ್ಟುಗಳೆಲ್ಲ ಗೊತ್ತಿಲ್ಲದ ಕಡೆ ಏನೋ ಒಂದು ಅಂಕಿ ತುಂಬಿ, ಪ್ರೂಫಿನಲ್ಲಿ ತಿದ್ದಿಕೊಳ್ಳುತ್ತಿದ್ದರು. ಅಂದು ಸಂಜೆ ಐದಕ್ಕೆ ಪ್ರಿಂಟಿನವರ ವ್ಯಾನು ಬರಬೇಕು. ನಾಲ್ಕು ಮುಕ್ಕಾಲಾದರೂ "ಕೆಳಕಕ್ಷೆಯ ಉಪಗ್ರಹಗಳು, ಮುಂದಿನ ಹತ್ತು ವರ್ಷ" ಎಂಬ ಮನೆ ಖಾಲಿ. ಅವಳ ಬೆರಳು ತನಗೆ ಬಾಯಿಪಾಠವಾಗಿದ್ದ ನಾಲ್ಕು ಅಂಕಿ ಒತ್ತಿತು. ಅದು ಅವಳ ಮನೆಯ ನಂಬರು. ಮರುದಿನ ಅವಳಿಗೆ ಜ್ವರ. ಪ್ರೂಫು ಬಂದು ಹೋಯಿತು, ತಿದ್ದಬೇಕಾದದ್ದು ಉಳಿಯಿತು. ಬಾಗಿಲ ಮೇಲಿನ ಅಂಕಿಯನ್ನು ಎಲ್ಲರೂ ಟ್ವೆಂಟಿ ತ್ರೀ ಸಿಕ್ಸ್‌ಟೀನ್ ಎನ್ನುತ್ತಾರೆ. ಕಾಗದದ ಮೇಲೆ ನಡುವೆ ಒಂದು ಅಲ್ಪವಿರಾಮ ಬಿದ್ದು ಅದು ಸಾವಿರವಾಗಿ, ಯಾರಿಗೂ, ಸ್ವತಃ ಅವಳಿಗೂ, ಗುರುತು ಹತ್ತದಂತಾಗಿತ್ತು. ಇಷ್ಟಕ್ಕೂ ಕೊನೆಯ ಆ ಹದಿನಾರು ಇತ್ತಲ್ಲ, ಮೋಸ ಮಾಡಿದ್ದು ಅದೇ. ಎರಡು ಸಾವಿರದ ಮುನ್ನೂರು ಎಂದಿದ್ದರೆ ಅಂದಾಜು ಎಂದು ಜನ ಮೂಗು ಮುರಿಯುತ್ತಿದ್ದರು. ಹದಿನಾರು ಎಂದ ಮೇಲೆ ಯಾರೋ ಕೂತು ಎಣಿಸಿದ್ದಾರೆ ಎಂದೇ ಎಲ್ಲರೂ ನಂಬಿದರು.

ಬುಧವಾರ ಬೆಳಿಗ್ಗೆ ಅವಳು ಗ್ರೆಗ್‌ನ ಕೋಣೆಗೆ ಹೋಗಿ ತಪ್ಪೊಪ್ಪಿಕೊಂಡಳು. ಕೆಲಸ ಹೋಗುತ್ತದೆಂದೇ ಮೇಜಿನ ಮೇಲಿನ ಫೋಟೋವನ್ನು ಬ್ಯಾಗಿಗೆ ಹಾಕಿಕೊಂಡು ಹೋಗಿದ್ದಳು. ಗ್ರೆಗ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಪದ್ಮಾ, ಅವತ್ತು ನಿನ್ನ ಹತ್ತಿರ ಒಂದೂ ಸೋರ್ಸ್ ಇರಲಿಲ್ಲ. ಇವತ್ತು ಮೂರಿವೆ."

"ಮೂವರೂ ನನ್ನದನ್ನೇ ನಕಲು ಮಾಡಿದ್ದಾರೆ."

"ಇರಲಿ. ಆ ಅಂಕಿಯನ್ನು ನಂಬಿ ಕಂಪನಿಗಳು ಪ್ಲಾನು ಮಾಡಿವೆ. ಆ ಪ್ಲಾನುಗಳನ್ನೆಲ್ಲ ನಿನ್ನೆ ಕೂಡಿಸಿದೆ. ಎಷ್ಟು ಬಂತು ಗೊತ್ತಾ? ಎರಡು ಸಾವಿರದ ಇನ್ನೂರ ತೊಂಬತ್ತು! ಇನ್ನು ಇಪ್ಪತ್ತಾರು ಬಂದರೆ ನೀನು ಹೇಳಿದ್ದೇ ನಿಜ. ನಾಳೆ ಒಳ್ಳೆಯ ಸೀರೆ ಉಟ್ಟುಕೊಂಡು ಬಾ."

ಮಧ್ಯಾಹ್ನದ ತನಕ ಪದ್ಮಜಾ ನೆಲದ ಮೇಲೆ ಇರಲಿಲ್ಲ ಎಂದು ಹೇಳಲೇಬೇಕು. ತನ್ನ ಮನೆಯ ನಂಬರಿಗೆ ತಕ್ಕಂತೆ ಜಗತ್ತು ಉಪಗ್ರಹ ಮಾಡುತ್ತಿದೆ ಎಂದರೆ ಸಾಮಾನ್ಯವೇ? ತಾನು ಟೈಪು ಮಾಡಿದ್ದೇ ಆಗುವುದಾದರೆ, ಮಂಡ್ಯದ ಪಿನ್ ಕೋಡನ್ನೇ ಹಾಕಿದ್ದರೆ ಆಕಾಶದ ಗತಿ ಏನಾಗುತ್ತಿತ್ತು? ಕ್ಯಾಂಟೀನಿನಲ್ಲಿ ಒಬ್ಬಳೇ ಕೂತು ನಕ್ಕಳು. ಚೆಲುವರಾಜು ವೈಸ್ ಪ್ರೆಸಿಡೆಂಟ್ ಆಗಲಿ ಬಿಡು, ಇಡೀ ಊರೇ ಹಾರುತ್ತಿರುವಾಗ ನಾವೊಬ್ಬರೇ ಯಾಕೆ ಕಾಲೂರಿಕೊಂಡು ನಿಲ್ಲಬೇಕು ಎಂದುಕೊಂಡಳು.

ಸಂಜೆ ಮನೆಗೆ ಬಂದಾಗ ಚೆಲುವರಾಜು ಶರ್ಟು ಇಸ್ತ್ರಿ ಮಾಡುತ್ತ ಹಾಡು ಗುನುಗುತ್ತಿದ್ದ. ರಾಜೀನಾಮೆಯ ಕಾಗದ ಟೈಪಾಗಿ ಊಟದ ಮೇಜಿನ ಮೇಲಿತ್ತು. ಹನುಮಂತರಾಜುವಿನ ಮಗಳಿಗೆ ತಡೆಯಲಾಗಲಿಲ್ಲ.

"ರೀ, ಈ ವರ್ಷ ನಿಮ್ಮ ಶಾಪಿಗೆ ಸ್ಯಾಟಲೈಟ್ ವಾಲ್ವ್ ಎಷ್ಟು ಸೆಟ್ ಆರ್ಡರ್ ಬಂದಿದೆ? ಪ್ಲಾನ್ ಅಲ್ಲ, ಆರ್ಡರ್."

"ಹನ್ನೊಂದು."

"ಹೋದ ವರ್ಷ ಇಷ್ಟೊತ್ತಿಗೆ?"

"ಮೂವತ್ತೆಂಟು. ಯಾಕೆ? ಮಧ್ಯದಲ್ಲಿ ಒಂದು ವರ್ಷ ಡಲ್ ಇರುತ್ತಂತೆ, ಅಖ್ತರ್ ಹೇಳ್ದ. ಆಮೇಲೆ ಒಂದೇ ಸಲ ಮೇಲಂತೆ."

ಮೂವತ್ತೆಂಟರಿಂದ ಹನ್ನೊಂದು. ಇಡೀ ವಾರದಲ್ಲಿ ಅವಳ ಕಿವಿಗೆ ಬಿದ್ದ ಒಂದೇ ಒಂದು ತೂಗಿದ ಅಂಕಿ ಅದು, ಅದೂ ತನ್ನ ಮನೆಯಲ್ಲೇ ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತಿತ್ತು. ಹೇಳಿಬಿಡಬೇಕೆಂದು ಬಾಯಿ ತೆರೆದಳು. ಆಗಲಿಲ್ಲ. ಹನ್ನೆರಡು ವರ್ಷ ಇಡ್ಲಿಗೂ ಲೆಕ್ಕ ಕೇಳಿದ ಬಾಯಲ್ಲಿ, ಆ ಅಂಕಿ ನಾನು ಸುಮ್ಮನೆ ತುಂಬಿದ್ದು ಎಂದು ಹೇಗೆ ಹೇಳುವುದು? ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಆ ಗುನುಗು ನಿಂತುಹೋಗುತ್ತದಲ್ಲ ಎಂದು ಸಂಕಟವಾಯಿತು. ನಾಳೆ ಹೇಳಿದರಾಯಿತು, ಶುಕ್ರವಾರ ಇನ್ನೂ ಇದೆ ಎಂದು ಸುಮ್ಮನಾದಳು.

ಗುರುವಾರದ ಬೆಳಗಿನ ತಿಂಡಿಯ ಸಭೆಗೆ ಹೋಟೆಲು ತುಂಬಿ ತುಳುಕಿತ್ತು. ಡಾಟ್‌ಕಾಮಿನವರು, ರಾಕೆಟ್ಟಿನವರು, ದುಡ್ಡು ಹಾಕುವವರು ಎಲ್ಲ ಆಮ್ಲೆಟ್ಟಿನ ಸಾಲಿನಲ್ಲೇ ಕಂಪನಿ ಕಟ್ಟುತ್ತಿದ್ದರು. ಮುಂದಿನ ಸಾಲಿನಲ್ಲಿ ಚೆಲುವರಾಜು, ಅಖ್ತರ್, ಅವರ ನಡುವೆ ತಾಯಮ್ಮ. "ಸೊಸೆ ಭಾಸ್ಣ ಮಾಡ್ತಾಳೆ ಅಂದ್ರೆ ನಾ ಬರಬಾರ್ದೇನ್ಲಾ?" ಎಂದು ರೇಷ್ಮೆ ಸೀರೆ ಉಟ್ಟು, ಕೆಳಗೆ ವಾಕಿಂಗ್ ಶೂ ಹಾಕಿಕೊಂಡು ಹೊರಟುಬಿಟ್ಟಿದ್ದರು. ಚೆಲುವರಾಜು ಇಲ್ಲಿಂದ ನೇರ ಕೆಲಸಕ್ಕೆ ಹೋಗುವವನು. ಹುರುಪು ತಡೆಯಲಾರದೆ ಶುಕ್ರವಾರದ ಬದಲು ಇಂದೇ ಕಾಗದ ಕೊಟ್ಟುಬಿಡುತ್ತೇನೆ ಎಂದು ಕಾರಿನಲ್ಲಿ ಹೇಳಿದ್ದ. ಅವನ ಶರ್ಟಿನ ಜೇಬಿನಿಂದ ಬಿಳಿ ಕವರು ಇಣುಕುತ್ತಿತ್ತು. ವೇದಿಕೆಯ ಮೇಲಿಂದ ಪದ್ಮಜಾಳಿಗೆ ಬೇರೇನೂ ಕಾಣುತ್ತಿರಲಿಲ್ಲ.

ಗ್ರೆಗ್ ಅವಳನ್ನು "ಆಕಾಶವನ್ನು ಎಣಿಸಿದ ಹೆಂಗಸು" ಎಂದು ಪರಿಚಯಿಸಿದ. ಚಪ್ಪಾಳೆ. ದೀಪ ಮಂಕಾಯಿತು. ಗೋಡೆಯ ತುಂಬ, ಆಳೆತ್ತರದ ಕೆಂಪು ಅಂಕಿಯಲ್ಲಿ, 2,316 ಮೂಡಿತು. ಪದ್ಮಜಾ ಮೈಕಿನ ಮುಂದೆ ನಿಂತಳು. ಮೈಕನ್ನು ತನ್ನ ಎತ್ತರಕ್ಕೆ ಬಗ್ಗಿಸಿಕೊಂಡಳು.

ಅಷ್ಟರಲ್ಲಿ ಮುಂದಿನ ಸಾಲಿನಿಂದ ಬೀಗದ ಕೈಗಳ ಸದ್ದು ಕೇಳಿತು. ತಾಯಮ್ಮ ರಟ್ಟನ್ನು ಕಣ್ಣೆದುರು ಎತ್ತಿ, ಗೋಡೆಗೆ ಹಿಡಿದು, ಒಂದೊಂದೇ ಅಂಕಿ ತಾಳೆ ನೋಡುತ್ತಿದ್ದರು. ನೋಡಿ ಮುಗಿದ ಮೇಲೆ ಇಡೀ ಸಭೆಗೆ ಕೇಳುವಂತೆ ಕೂಗಿದರು:

"ಲೇ ಚೆಲ್ವಾ! ನಮ್ಮನೆ ನಂಬ್ರ ಕಣ್ಲಾ ಅದು! ಅದ್ಯಾಕ್ಲಾ ಇಲ್ಲಿಗ್ ಬಂದು ಕುಂತದೆ?"

ಚೆಲುವರಾಜು ರಟ್ಟು ನೋಡಿದ. ಗೋಡೆ ನೋಡಿದ. ಆಮೇಲೆ ಹೆಂಡತಿಯ ಮುಖ ನೋಡಿದ. ಹನ್ನೆರಡು ವರ್ಷ ಪಾಸು ಫೇಲು ನೋಡಿದ ಕಣ್ಣು ಅದು, ಬೇರೆ ಗೇಜು ಬೇಕಾಗಲಿಲ್ಲ. ಪದ್ಮಜಾ ಅವನಿಗೊಬ್ಬನಿಗೇ ಹೌದೆಂದು ತಲೆಯಾಡಿಸಿದಳು. ಆಮೇಲೆ ಮೈಕಿಗೆ ಬಾಯಿಟ್ಟು, ಇಂಗ್ಲಿಷಿನಲ್ಲಿ, ಒಂದೊಂದೇ ಮಾತಾಗಿ ಹೇಳಿದಳು. ಈ ಅಂಕಿ ನನ್ನದು. ಇದಕ್ಕೆ ಸೋರ್ಸ್ ಇಲ್ಲ. ಇದು ನನ್ನ ಮನೆಯ ಬಾಗಿಲಿನ ನಂಬರು. ಇದನ್ನು ನಂಬಿ ಯಾರೂ ಇರುವ ಕೆಲಸ ಬಿಡಬೇಡಿ. ನನಗೆ ಗೊತ್ತಿರುವ ನಿಜವಾದ ಅಂಕಿ ಒಂದೇ, ಹೋದ ವರ್ಷ ಇಷ್ಟೊತ್ತಿಗೆ ಮೂವತ್ತೆಂಟು, ಈ ವರ್ಷ ಹನ್ನೊಂದು.

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಜನ ಮೇಜು ಕುಟ್ಟಿದರು, ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಷ್ಟು ಒಳ್ಳೆಯ ಜೋಕಿನಿಂದ ಭಾಷಣ ಶುರುಮಾಡಿದವರನ್ನು ಈ ವರ್ಷ ನೋಡಿರಲಿಲ್ಲವಂತೆ. "ನಿಜ, ನಾನು ಹೇಳೋದು ನಿಜ!" ಎಂದು ಪದ್ಮಜಾ ಕೂಗಿದಷ್ಟೂ ಅವರಿಗೆ ನಗು ಹೆಚ್ಚಾಯಿತು. ಗ್ರೆಗ್ ಎರಡೂ ಹೆಬ್ಬೆರಳು ಎತ್ತಿ ತೋರಿಸಿದ. ಅಖ್ತರ್ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಅತ್ತಿಗೆ ಇಷ್ಟು ತಮಾಷೆಯವರು ಎಂದು ಅವನಿಗೂ ಗೊತ್ತಿರಲಿಲ್ಲ.

ನಗದೆ ಇದ್ದವರು ಇಬ್ಬರು. ತಾಯಮ್ಮನಿಗೆ ಇಂಗ್ಲಿಷು ಬಾರದು. ಚೆಲುವರಾಜು ಮಾತ್ರ ಮಂಡಿಯ ಮೇಲೆ ಕೈಯೂರಿ ಕೆಳಗೆ ನೋಡುತ್ತಿದ್ದ. ಆ ಗುನುಗನ್ನು ತಾನೇ ನಿಲ್ಲಿಸಿಬಿಟ್ಟೆ ಎಂದು ಪದ್ಮಜಾಳಿಗೆ ಅಲ್ಲೇ ಅಳು ಬರುವಂತಾಯಿತು. ಆಗ ಅವನ ಭುಜ ಅಲುಗಿತು. ಮತ್ತೊಮ್ಮೆ ಅಲುಗಿತು. ಅವನು ತಲೆ ಎತ್ತಿದಾಗ ಮುಖವೆಲ್ಲ ಕೆಂಪಾಗಿ, ಸದ್ದೇ ಬರದಷ್ಟು ನಗುತ್ತಿದ್ದ. ಬೇರೆಯವರು ಜೋಕಿಗೆ ನಕ್ಕರೆ ಅವನು ನಿಜಕ್ಕೆ ನಗುತ್ತಿದ್ದ. ಕಣ್ಣೊರೆಸಿಕೊಂಡು, ಕೈಯನ್ನು ಬಾಯಿಗೆ ಅಡ್ಡ ಹಿಡಿದು, ವೇದಿಕೆಗೆ ಕೇಳುವಂತೆ ಕನ್ನಡದಲ್ಲಿ ಕೂಗಿದ: "ನಾಲ್ಕು ಇಡ್ಲಿಗೆ ಸೋರ್ಸ್ ಕೇಳ್ತಿದ್ದೆಯಲ್ಲೇ!"

ಮುಂದಿನ ತಿಂಗಳ ಪತ್ರಿಕೆಯಲ್ಲಿ, ಎರಡು ಸಾವಿರದ ಮುನ್ನೂರ ಹದಿನಾರನ್ನು ತಜ್ಞೆ ಪದ್ಮಜಾ ಇನ್ನೂರು ಜನರ ಎದುರು ಮತ್ತೊಮ್ಮೆ ದೃಢಪಡಿಸಿದರು ಎಂದು ಅಚ್ಚಾಯಿತು. ಗಂಡಹೆಂಡಿರು ಎಷ್ಟು ಹೇಳಿದರೂ ಅಖ್ತರ್ ಕೇಳಲಿಲ್ಲ, ಒಬ್ಬನೇ ಕಂಪನಿ ತೆಗೆದ. ಎರಡು ವರ್ಷದೊಳಗೆ ಆಕಾಶದ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಹಳೆಯ ಶಾಪಿಗೇ ವಾಪಸು ಬಂದ. ಅವನನ್ನು ಸೇರಿಸಿಕೊಳ್ಳಿ ಎಂದು ಮಾಲೀಕರಿಗೆ ಹೇಳಿದವನು ಅಲ್ಲೇ ಇದ್ದ ಇನ್‌ಸ್ಪೆಕ್ಟರು. ಪದ್ಮಜಾ ಗ್ರೆಗ್‌ನ ಜೊತೆ ಆರು ತಿಂಗಳು ಜಗಳವಾಡಿ, ಕೋಷ್ಟಕದ ಖಾಲಿ ಮನೆಯಲ್ಲಿ "ಗೊತ್ತಿಲ್ಲ" ಎಂದು ಹಾಕಿದರೂ ಕಂಪ್ಯೂಟರು ಪ್ರಿಂಟಿಗೆ ಬಿಡುವಂತೆ ಮಾಡಿಸಿದಳು. ಅವಳು ತನ್ನ ಕೆಲಸದಲ್ಲಿ ಮಾಡಿದ ದೊಡ್ಡ ಸಾಧನೆ ಯಾವುದೆಂದು ಕೇಳಿದರೆ ಇಂದಿಗೂ ಅದನ್ನೇ ಹೇಳುತ್ತಾಳೆ.

ಅಂದು ಸಭೆ ಮುಗಿದ ಮೇಲೆ ಅವಳು ವಿಸಿಟಿಂಗ್ ಕಾರ್ಡು ಚಾಚಿದ ಕೈಗಳ ನಡುವಿನಿಂದ ತಪ್ಪಿಸಿಕೊಂಡು ಮುಂದಿನ ಸಾಲಿಗೆ ಬಂದಳು. ತಾಯಮ್ಮ ಹೋಟೆಲಿನವರ ಸಿಹಿ ಕೇಕಿನ ತುಂಡುಗಳನ್ನು ಒಂದು ಬಿಳಿ ಕಾಗದದಲ್ಲಿ ಸುತ್ತುತ್ತಿದ್ದರು. ಕಾಗದದ ಮೇಲೆ ಟೈಪು ಮಾಡಿದ ಸಾಲುಗಳಿದ್ದವು, ಕೆಳಗೆ ಚೆಲುವರಾಜುವಿನ ಸಹಿ ಇತ್ತು.

"ಇದನ್ನ ಇವರಿಗೆ ಯಾರು ಕೊಟ್ಟಿದ್ದು, ರೀ?" ಎಂದಳು.

"ಕಟ್ಟೋಕೆ ಕಾಗ್ದ ಬೇಕು ಅಂತ ಅವ್ವ ಕೇಳಿದ್ಲು. ನಾನೇ ಕೊಟ್ಟೆ," ಎಂದು ಚೆಲುವರಾಜು ಗಡಿಯಾರ ನೋಡಿದ. "ನಡಿ, ನಿನ್ನನ್ನ ಆಫೀಸಿಗೆ ಬಿಡ್ತೀನಿ. ನನ್ನ ಶಿಫ್ಟಿಗೂ ಹೊತ್ತಾಯ್ತು."